ಐತಪ್ಪ ಮಾವನ ಸಂಬಂಧ ವಿಚಾರಿಸಲು ಇಟೆಲಿಗೆ

ಹೆಣ್ಣು ನೋಡಲು ಪಕ್ಕದ ಊರಿಗೆ ಹೋಗುವವರನ್ನು ಕಂಡಿದ್ದೇನೆ. ಗಂಡಿನ ಗುಣ ವಿಚಾರಿಸಲು ದುಬಾಯಿಗೆ ಫೋನ್ ಮಾಡುವವರನ್ನೂ ಕಂಡಿದ್ದೇನೆ. ಆದರೆ ಎಂಬತ್ತು ವರ್ಷಗಳ ಹಿಂದೆ ತೀರಿಹೋದ ಗಂಡಿಗೆ ಬೇರೆ ಕಡೆ ಸಂಬಂಧ ಇತ್ತೋ ಇಲ್ಲವೋ ಎಂದು ವಿಚಾರಿಸಲು ಇಟೆಲಿಗೆ ಹೋದವನು ನಮ್ಮ ಮಂಗಲ್ಪಾಡಿ ಪಂಚಾಯತಿನಲ್ಲಿ ನಾನೊಬ್ಬನೇ ಇರಬೇಕು.

ಗಂಡು ಎಂದರೆ ನನ್ನ ಅಮ್ಮನ ಅಣ್ಣ, ಐತಪ್ಪ ಮಾವ. ಎರಡನೆಯ ಮಹಾಯುದ್ಧದ ಹೊತ್ತಿಗೆ ಸೇತುವೆ ಕಟ್ಟುವ ಪಡೆಗೆ ಸೇರಿ ಹಡಗು ಹತ್ತಿದವರು ಹಿಂದೆ ಬರಲಿಲ್ಲ. ಮದುವೆಯಾಗಿರಲಿಲ್ಲ. ಹಾಗೆ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡಿಸುವ ಕ್ರಮ ನಮ್ಮಲ್ಲಿದೆ. ಅದೇ ರೀತಿ ತೀರಿಹೋದ ಒಂದು ಹೆಣ್ಣನ್ನು ಹುಡುಕಿ, ಎರಡೂ ಮನೆಯವರು ಕೂತು ಮಾತಾಡಿ, ಮಳೆಗಾಲದ ಆಟಿ ತಿಂಗಳಲ್ಲಿ ಸೀರೆ, ಕರಿಮಣಿ, ಬಾಳೆಲೆ ಊಟ ಎಲ್ಲ ಇಟ್ಟು ನಡೆಸುತ್ತೇವೆ. ಓದುವವರಿಗೆ ನಗು ಬರಬಹುದು; ನನಗೂ ಮೊದಲು ಬರುತ್ತಿತ್ತು. ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನಾದವನು ನಾನು. ವಿಳಾಸ ಇಲ್ಲದವರಿಗೆ ಏನನ್ನೂ ತಲುಪಿಸಲು ಸಾಧ್ಯವಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು. ಆದರೆ ಎಂಬತ್ತೆಂಟರ ಅಮ್ಮ, "ನಾನಿರುವಾಗಲೇ ಅಣ್ಣನಿಗೆ ಒಂದು ಸಂಸಾರ ಆಗಬೇಕು" ಎಂದು ಹಟ ಹಿಡಿದ ಮೇಲೆ ನನ್ನ ನಂಬಿಕೆಯನ್ನು ಕೇಳುವವರು ಯಾರು? ನಮ್ಮದು ಅಳಿಯಸಂತಾನ ಬೇರೆ. ಸೋದರಮಾವನ ಬಾಕಿ ಕೆಲಸವೆಲ್ಲ ಸೋದರಳಿಯನ ತಲೆಗೆ.

ಹೆಣ್ಣು ಸಿಕ್ಕಿತ್ತು. ಮೊಗ್ರಾಲಿನ ಕಮಲಾಕ್ಷಿ, ಹತ್ತೊಂಬತ್ತಕ್ಕೆ ಜ್ವರ ಬಂದು ತೀರಿಕೊಂಡವಳು. ಅವಳ ತಮ್ಮ ಬಾಬಣ್ಣ ಗಲ್ಫಿನಲ್ಲಿ ದುಡಿದು ಬಂದವರು, ಒಳ್ಳೆಯ ಮನುಷ್ಯ. ಎಲ್ಲ ಕೂಡಿಬಂದಿತ್ತು. ಅದನ್ನು ಕೆಡಿಸಿದ್ದು ನನ್ನ ಅಮ್ಮನೇ.

ಹನ್ನೊಂದು ಕಾಗದಗಳು

ಗಂಡು ಎಂಥವನು ಎಂದು ಹೆಣ್ಣಿನವರಿಗೆ ತೋರಿಸಬೇಡವೇ? ಮಾವ ಯುದ್ಧದಿಂದ ತಂದೆತಾಯಿಗೆ ಬರೆದ ಹನ್ನೊಂದು ಕಾಗದಗಳು ಅಮ್ಮನ ಪೆಟ್ಟಿಗೆಯಲ್ಲಿದ್ದವು. ಬಾಬಣ್ಣ ಮನೆಗೆ ಬಂದ ದಿನ ಅವನ್ನು ಹೊರತೆಗೆದು, "ಓದಿ ಹೇಳು ಮಗಾ, ನನ್ನ ಅಣ್ಣನ ಗುಣ ಅವರಿಗೂ ಗೊತ್ತಾಗಲಿ" ಎಂದರು.

ನಮ್ಮ ಮನೆಮಾತು ತುಳು. ಆದರೆ ಕಾಗದ ಎಂದರೆ ಕನ್ನಡದಲ್ಲೇ, ಅದೂ ನಾಲ್ಕನೇ ಕ್ಲಾಸಿನಲ್ಲಿ ಕಲಿತ ಇಸ್ತ್ರಿ ಹಾಕಿದ ಕನ್ನಡದಲ್ಲಿ. "ತೀರ್ಥರೂಪು ತಂದೆಯವರ ಹಾಗೂ ಮಾತೃಶ್ರೀಯವರ ಪಾದಗಳಿಗೆ ಐತಪ್ಪನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ಎಲ್ಲಾ ಸೌಖ್ಯವಾಗಿರುತ್ತದೆ. ಸ್ವಲ್ಪ ಚಳಿ ಉಂಟು. ಸ್ವಲ್ಪ ಶಬ್ದವೂ ಉಂಟು." ಶಬ್ದ ಎಂದರೆ ಫಿರಂಗಿ. ಅಜ್ಜ ಅಜ್ಜಿಗೆ ಓದು ಬರುತ್ತಿರಲಿಲ್ಲ. ಅಂದಿನ ಪೋಸ್ಟ್‌ಮ್ಯಾನ್ ಜಗಲಿಯಲ್ಲಿ ಕೂತು ಎರಡೆರಡು ಸಲ ಓದಿ ಹೇಳಬೇಕಿತ್ತಂತೆ. ಒಮ್ಮೆ ಓದಿದ್ದು ಸುದ್ದಿಗೆ, ಇನ್ನೊಮ್ಮೆ ಓದಿಸಿದ್ದು ಮಗನಿಗಾಗಿ ಎಂದು ಅಜ್ಜಿ ಹೇಳುತ್ತಿದ್ದರಂತೆ.

ಯಾವ ಊರಿನಲ್ಲಿದ್ದೇವೆ ಎಂದು ಸಿಪಾಯಿಗಳು ಬರೆಯುವಂತಿರಲಿಲ್ಲ. ಬರೆದರೆ ನಡುವೆ ಕೂತ ಅಧಿಕಾರಿ ಅಷ್ಟನ್ನು ಕತ್ತರಿಸಿ ತೆಗೆಯುತ್ತಿದ್ದ. ಮಾವ ಅದಕ್ಕೂ ದಾರಿ ಹುಡುಕಿದ್ದರು. "ಎದುರಿನ ಗುಡ್ಡವು ನಮ್ಮ ಪೊಸಡಿಗುಂಪೆಯಷ್ಟೇ ಇರುತ್ತದೆ, ಆದರೆ ತಲೆಯ ಮೇಲೆ ಒಂದು ಊರನ್ನು ಹೊತ್ತಿರುತ್ತದೆ. ಕೆಳಗಿನ ಹೊಳೆಯು ಉಪ್ಪಳ ಹೊಳೆಯಷ್ಟು ಅಗಲ, ನೀರಿಗಿಂತ ಕಲ್ಲು ಜಾಸ್ತಿ." ಪೊಸಡಿಗುಂಪೆಯನ್ನು ಕಂಡಿರದ ಅಧಿಕಾರಿ ಇದರಲ್ಲಿ ಕತ್ತರಿಸುವುದಾದರೂ ಏನನ್ನು?

ನಾಲ್ಕನೆಯ ಕಾಗದದವರೆಗೆ ಬಾಬಣ್ಣ ತಲೆದೂಗುತ್ತಲೇ ಇದ್ದರು. ಅದರಲ್ಲಿ ಹೀಗಿತ್ತು: "ನಾವು ಈಗ ಒಂದು ಮನೆಯ ಹಟ್ಟಿಯಲ್ಲಿ ವಾಸವಾಗಿರುತ್ತೇವೆ. ಒಕ್ಕಣ್ಣಿನ ಒಂದು ಹೇಸರಗತ್ತೆಯೂ ನಮ್ಮ ಸಂಗಡ ಇರುತ್ತದೆ. ಮನೆಯವರು ಸಭ್ಯರು. ಮನೆಯ ಮಗಳು ಅಸ್ಸುಂತಾ ಎಂಬವಳು ನನ್ನ ಕಾಲುಚೀಲ ಹೊಲಿದುಕೊಟ್ಟಿರುತ್ತಾಳೆ. ಅಮ್ಮನಿಗೆ ತಿಳಿಸುವುದೇನೆಂದರೆ, ಇದರಲ್ಲಿ ಬೇರೆ ವಿಷಯ ಏನೂ ಇರುವುದಿಲ್ಲ."

ಅಲ್ಲಿಂದ ಮುಂದೆ ಪ್ರತಿ ಕಾಗದದ ಕೊನೆಗೂ "ಅಸ್ಸುಂತಾ ಕ್ಷೇಮ" ಎಂಬ ಎರಡು ಪದ. ಕಟ್ಟಕಡೆಯದರಲ್ಲಿ, "ಯುದ್ಧ ಮುಗಿದು ಬಂದ ಮೇಲೆ ನಿಮ್ಮಲ್ಲಿ ಒಂದು ವಿಷಯ ಹೇಳಲಿಕ್ಕುಂಟು. ಕಾಗದದಲ್ಲಿ ಬರೆಯುವಂಥದ್ದಲ್ಲ."

ಬಾಬಣ್ಣ ಚಹಾದ ಲೋಟ ಕೆಳಗಿಟ್ಟರು. "ಪೋಸ್ಟ್ ಮಾಸ್ಟ್ರೇ, ನೀವು ಬೇಜಾರು ಮಾಡ್ಬೇಡಿ. ನಮ್ಮ ಅಕ್ಕನನ್ನು ಎರಡನೆಯವಳಾಗಿ ಕೊಡ್ಲಿಕ್ಕೆ ಆಗುದಿಲ್ಲ. ಅಲ್ಲಿ ಎಂತ ನಡೆದಿದೆ ಅಂತ ಮೊದಲು ಗೊತ್ತಾಗಲಿ, ಮತ್ತೆ ನೋಡುವ."

ಅವರು ಹೋದ ಮೇಲೆ ನಾನು ಅಮ್ಮನಿಗೆ ಸಮಾಧಾನ ಹೇಳಲು ನೋಡಿದೆ. ವಿಷಯ ಏನೂ ಇಲ್ಲ ಎಂದು ಮಾವನೇ ಬರೆದಿದ್ದಾರಲ್ಲ ಎಂದೆ.

"ವಿಷಯ ಇಲ್ಲದವ ವಿಷಯ ಇಲ್ಲ ಅಂತ ಬರೀತಾನಾ?" ಎಂದರು ಅಮ್ಮ. "ನೀನೇ ಹೋಗಿ ಕೇಳಿಕೊಂಡು ಬಾ."

ರೋಮ್

ಅಮ್ಮ ಒಂದು ಸೇರು ಕುಚ್ಚಲಕ್ಕಿ ಕಟ್ಟಿಕೊಟ್ಟಿದ್ದರು. ಮಾವನ ಹೆಸರು ಕೆತ್ತಿದ ಸ್ಮಾರಕದ ಎದುರು ಅನ್ನ ಮಾಡಿ ಬಡಿಸಬೇಕು; ಬಡಿಸಿ ಕರೆದರೆ ಸತ್ತವರ ಜೀವ ಜೊತೆಗೆ ಊರಿಗೆ ಬರುತ್ತದೆ ಎಂಬುದು ನಮ್ಮವರ ನಂಬಿಕೆ. "ಬಡಿಸುವುದು ಹೇಗೂ ಬಡಿಸು. ಆದರೆ ಮನೆಗೆ ಬಾ ಅಂತ ಕರೆಯುವುದು ವಿಚಾರಿಸಿದ ಮೇಲೆ. ಅಲ್ಲಿ ಒಬ್ಬಳಿಗೆ ಮಾತು ಕೊಟ್ಟಿದ್ದರೆ ನಾವು ಎಳೆದುಕೊಂಡು ಬರ್ಲಿಕ್ಕಿಲ್ಲ." ಇದು ಅಪ್ಪಣೆ.

ರೋಮ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅಕ್ಕಿಯ ಕಟ್ಟು ಬಿಚ್ಚಿ, ಮೂಸಿ, ಯಾರಿಗೆ ಎಂದು ಕೇಳಿದ. ಮಾವನಿಗೆ ಎಂದೆ. ಮಾವ ಎಲ್ಲಿದ್ದಾರೆ ಎಂದ. ತೀರಿಹೋಗಿ ಎಂಬತ್ತು ವರ್ಷ ಆಯಿತು ಎಂದೆ. ಅವನು ನನ್ನ ಮುಖ ನೋಡಿದ, ಅಕ್ಕಿ ನೋಡಿದ, ಏನೂ ಹೇಳದೆ ಕಟ್ಟನ್ನು ಮೊದಲಿನ ಹಾಗೇ ಕಟ್ಟಿಕೊಟ್ಟ. ನಮ್ಮ ವಿಲ್ಲೇಜ್ ಆಫೀಸಿನಲ್ಲಿ ಇದೇ ಉತ್ತರ ಕೊಟ್ಟಿದ್ದರೆ ಮರಣ ಸರ್ಟಿಫಿಕೇಟ್ ತನ್ನಿ ಎನ್ನುತ್ತಿದ್ದರು.

ಹೋಟೆಲಿನ ಕೋಣೆ ಚೊಕ್ಕಟವಾಗಿತ್ತು. ಮಿಂದು ಬೈರಾಸು ಹಿಂಡಿ ಒಣಹಾಕಲು ಜಾಗ ಹುಡುಕಿದೆ. ಬಚ್ಚಲಿನ ಗೋಡೆಯ ಮೇಲಿಂದ ಒಂದು ಬಿಳಿ ಹಗ್ಗ ನೇತಾಡುತ್ತಿತ್ತು. ಎಷ್ಟು ಮುಂದಾಲೋಚನೆಯ ಜನ ಎಂದು ಮೆಚ್ಚಿಕೊಂಡು ಅದಕ್ಕೆ ಬೈರಾಸು ಗಂಟುಹಾಕಿದೆ. ಎಲ್ಲೋ ಗಂಟೆ ಬಾರಿಸತೊಡಗಿತು. ಯಾರದೋ ಮನೆಯ ಕರೆಗಂಟೆ ಇರಬೇಕು ಎಂದು ನಾನು ನೆಮ್ಮದಿಯಿಂದ ತಲೆ ಬಾಚುತ್ತಿದ್ದೆ. ಅಷ್ಟರಲ್ಲಿ ಬಾಗಿಲು ದಬದಬ ಬಡಿದು ಇಬ್ಬರು ಹೆಂಗಸರು, ಒಬ್ಬ ಗಂಡಸು ಒಳಗೆ ನುಗ್ಗಿದರು. ಬಚ್ಚಲಿನಲ್ಲಿ ಬಿದ್ದವರು ಸಹಾಯಕ್ಕೆ ಕರೆಯಲು ಎಳೆಯುವ ಹಗ್ಗವಂತೆ ಅದು. ನಾನು ಲುಂಗಿಯಲ್ಲಿ, ಬಾಚಣಿಗೆ ಹಿಡಿದು, ಪೂರ್ಣ ಆರೋಗ್ಯದಲ್ಲಿ ನಿಂತಿದ್ದೆ. ಆ ಹೆಂಗಸರಲ್ಲಿ ಒಬ್ಬಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಬೆಳಿಗ್ಗೆ ತಿಂಡಿಗೆ ಹೋದಾಗ ನನ್ನ ತಟ್ಟೆಗೆ ಎರಡು ಬನ್ನು ಜಾಸ್ತಿ ಬಿದ್ದವು.

ಅಬ್ರುಝ್ಝೊ ಕಡೆಗೆ

ಮಾವನ ಹೆಸರು ಕೆತ್ತಿದ ಸ್ಮಾರಕ ಇರುವುದು ಇಟೆಲಿಯ ಪೂರ್ವ ಕರಾವಳಿಯ ಅಬ್ರುಝ್ಝೊ ಎಂಬ ಸೀಮೆಯಲ್ಲಿ. ಅಸ್ಸುಂತಾಳ ಮನೆ ಹುಡುಕಿಕೊಟ್ಟವರು ಅಲ್ಲೇ ಒಂದು ವೃದ್ಧರ ಮನೆಯಲ್ಲಿ ದುಡಿಯುವ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಜೆಸ್ಸಿ. ಕಣ್ಣೂರಿನ ಗುಡ್ಡದ ಕಡೆಯವರು, ನನ್ನ ಹಳೆಯ ಸಹೋದ್ಯೋಗಿಯ ಪರಿಚಯ. ಕಾಗದದಲ್ಲಿದ್ದ ಗುಡ್ಡ, ಹೊಳೆ, ಒಕ್ಕಣ್ಣಿನ ಹೇಸರಗತ್ತೆ ಎಲ್ಲವನ್ನೂ ನಾನು ಮಲಯಾಳದಲ್ಲಿ ಬರೆದು ಕಳಿಸಿದ್ದೆ. ಅವರು ಅದನ್ನು ಹಿಡಿದು ನಾಲ್ಕು ಊರಿನ ಪಾದ್ರಿಗಳನ್ನು ಕಾಡಿಸಿದ್ದರು. ಕೊನೆಗೆ ಕೆಲಸಕ್ಕೆ ಬಂದದ್ದು ಆ ಹೇಸರಗತ್ತೆಯೇ. ಒಂದು ಊರಿನ ಮುದುಕರಿಗೆ ಅದು ಒದ್ದದ್ದು ಇನ್ನೂ ನೆನಪಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಸಿಸ್ಟರ್ ಕಾಯುತ್ತಿದ್ದರು. ಇಪ್ಪತ್ತು ವರ್ಷ ಇಟೆಲಿಯಲ್ಲಿದ್ದರೂ ಕೇಳಿದ ಮೊದಲ ಪ್ರಶ್ನೆ, "ಊಟ ಆಯಿತಾ?"

ಅಕ್ಕಿಯನ್ನು ವೃದ್ಧರ ಮನೆಯ ಅಡುಗೆಯವನಿಗೆ ಕೊಟ್ಟೆವು. ಅವನು ಹದಿನೈದು ನಿಮಿಷಕ್ಕೆ ಇಳಿಸಿಬಿಟ್ಟ. ಬಾಯಿಗಿಟ್ಟರೆ ಕಟಕ್ ಎನ್ನುತ್ತದೆ. ಇನ್ನೂ ಬೇಯಲಿ ಎಂದೆ. ಅನ್ನ ಹಲ್ಲಿಗೆ ತಾಗಬೇಕು ಎಂದ ಅವನು. ನಮ್ಮ ಮಾವನಿಗೆ ಹಲ್ಲಿಲ್ಲ ಎಂದು ಸಿಸ್ಟರ್ ಹೇಳಿದರೋ ಏನೋ, ಮತ್ತೆ ಒಲೆಗೇರಿಸಿದ. ಮುಕ್ಕಾಲು ಗಂಟೆ ಕಳೆಯುವಾಗ ಅನ್ನ ಅರಳಿ ಪರಿಮಳ ಬಂತು. ಅವನು ಮಾತ್ರ ಹಾಳಾಯಿತು ಎನ್ನುವ ಹಾಗೆ ಕೈ ಆಡಿಸುತ್ತಿದ್ದ. ನನಗೆ ಅಲ್ಲೇ ಕೂತು ಒಂದು ತುತ್ತು ಉಣ್ಣೋಣ ಎನಿಸಿತು, ಮಾವನಿಗಿಂತ ಮೊದಲು ಹೇಗೆ ಎಂದು ಸುಮ್ಮನಾದೆ.

ಗೋಡೆಯ ಮೇಲಿನ ಹೆಸರು

ಸತ್ತ ಸಿಪಾಯಿಗಳ ಜಾಗ ಇಷ್ಟು ಅಚ್ಚುಕಟ್ಟಾಗಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಬಾಚಿದ ತಲೆಯಂಥ ಹುಲ್ಲು, ಸಾಲು ಸಾಲು ಬಿಳಿ ಕಲ್ಲು. ಸುಟ್ಟು ಸಂಸ್ಕಾರ ಮಾಡಿದವರ ಹೆಸರು ಮಾತ್ರ ಒಂದು ಗೋಡೆಯ ಮೇಲೆ. ಗೋಡೆಯ ಆಚೆ ಎದುರಿಗೇ ಆ ಗುಡ್ಡ, ತಲೆಯ ಮೇಲೆ ಊರು. ಕೆಳಗೆ ಕಲ್ಲು ಹೆಚ್ಚಿರುವ ಹೊಳೆ. ಮಾವ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಹೆಸರು ಹುಡುಕಿ ಬೆರಳಿಟ್ಟೆ. ನಾನು ಹುಟ್ಟುವ ಮೊದಲೇ ಹೋದ ಮನುಷ್ಯ, ಒಮ್ಮೆಯೂ ನೋಡಿದವನಲ್ಲ. ಆದರೂ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಇಷ್ಟು ದೂರ ಬಂದು, ಗುಂಡಿನ ನಡುವೆ ಸೇತುವೆ ಕಟ್ಟುತ್ತ, ಸ್ವಲ್ಪ ಶಬ್ದ ಉಂಟು ಎಂದು ಬರೆದನಲ್ಲ ಪುಣ್ಯಾತ್ಮ ಎಂದು ಹೆಮ್ಮೆಯೂ ಆಯಿತು, ಅಳುವೂ ಬಂತು.

ಬಾಳೆಲೆ ಇಲ್ಲದ್ದಕ್ಕೆ ಕಾಗದದ ತಟ್ಟೆಯಲ್ಲಿ ಅನ್ನ ಬಡಿಸಿ ನೀರು ಇಟ್ಟೆ. ಹುಲ್ಲು ಕತ್ತರಿಸುತ್ತಿದ್ದ ತೋಟದವನು ಯಂತ್ರ ನಿಲ್ಲಿಸಿ ಟೋಪಿ ತೆಗೆದು ನಿಂತ. "ಮಾವ, ಹೊಟ್ಟೆ ತುಂಬ ಉಣ್ಣಿ" ಎಂದು ತುಳುವಿನಲ್ಲಿ ಹೇಳಿದೆ. "ಕರೆಯುವುದಿಲ್ಲ ಈಗ. ಒಂದು ವಿಚಾರಣೆ ಬಾಕಿ ಉಂಟು." ಸಿಸ್ಟರ್ ಜಪಮಾಲೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಯಾರ ದೇವರು ಯಾರಿಗೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಅಸ್ಸುಂತಾಳ ಅಡುಗೆಮನೆ

ಅಸ್ಸುಂತಾ ಬದುಕಿರಲಿಲ್ಲ. ತೊಂಬತ್ತೊಂದಕ್ಕೆ ತೀರಿಕೊಂಡು ಕೆಲವು ವರ್ಷ ಆಗಿತ್ತು. ಮನೆಯಲ್ಲಿದ್ದವರು ಅವಳ ಮಗಳು ರೊಸಾನ್ನಾ. ಎಪ್ಪತ್ತು ದಾಟಿದ, ದೊಡ್ಡ ಧ್ವನಿಯ ಹೆಂಗಸು. ಬಂದ ಕೆಲಸ ಹೇಳಲು ಬಾಯಿ ತೆರೆದರೆ, ಮೊದಲು ಊಟ ಎಂದು ಕೂರಿಸಿದರು. ತಂತಿ ಬಿಗಿದ ಒಂದು ಮಣೆಯ ಮೇಲೆ ಹಿಟ್ಟಿನ ಹಾಳೆ ಹಾಸಿ ಲಟ್ಟಣಿಗೆ ಉರುಳಿಸಿದರೆ ಕೆಳಗೆ ಎಳೆ ಎಳೆಯಾಗಿ ಬೀಳುತ್ತದೆ. ಶ್ಯಾವಿಗೆ ಒತ್ತುವ ನಮ್ಮ ಶೇಮಿಗೆ ಮಣೆಯ ನೆಂಟನೇ ಸರಿ. ಟೊಮೆಟೊ ಸಾರು ಸುರಿದು ಕೊಟ್ಟರು. ಮುಳ್ಳುಚಮಚಕ್ಕೆ ಸುತ್ತಲು ಹೋಗಿ ಅಂಗಿಗೆ ಹಾರಿಸಿಕೊಂಡೆ. ಕೈಯಿಂದ ತಿನ್ನಿ ಎಂದು ಅವರೇ ಸನ್ನೆ ಮಾಡಿದರು. ಅವರ ಮಾತನ್ನು ಸಿಸ್ಟರ್ ನನಗೆ ಮಲಯಾಳಕ್ಕೆ ತಿರುಗಿಸುತ್ತಿದ್ದರು. "ಆ ಇಂಡಿಯನ್ ಕೂಡ ಹಾಗೇ ತಿನ್ನುತ್ತಿದ್ದ ಅಂತ ಅಮ್ಮ ಹೇಳುತ್ತಿದ್ದಳು."

ಇನ್ನು ವಿಷಯ ಹೇಳಬೇಕು. ಸತ್ತವರ ಮದುವೆಯನ್ನು ಒಬ್ಬ ಸನ್ಯಾಸಿನಿಯ ಬಾಯಿಂದ ಹೇಳಿಸುವುದು ಹೇಗೆ? "ಸಿಸ್ಟರ್, ನಿಮ್ಮ ಧರ್ಮಕ್ಕೆ ತೊಂದರೆ ಆಗ್ತದಾ?" ಎಂದು ಮಲಯಾಳದಲ್ಲಿ ಕೇಳಿದೆ. "ಭಾಷಾಂತರ ಪಾಪ ಅಲ್ಲ" ಎಂದು ಅವರು ಕುರ್ಚಿ ಎಳೆದುಕೊಂಡು ಶುರುಮಾಡಿದರು.

ರೊಸಾನ್ನಾ ನಗಲಿಲ್ಲ. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ತಾವೂ ಮೇಜಿನ ಮೇಲೆ ಊಟ ಇಟ್ಟು ಬಿಡುತ್ತೇವೆ, ಉಣ್ಣುವವರಿಗೆ ಮದುವೆ ಬೇಡವೇ ಎಂದರು. ಮನಸ್ಸು ಹಗುರವಾಯಿತು. ಹಾಗಾದರೆ ನಿಮ್ಮ ಅಮ್ಮನಿಗೂ ನನ್ನ ಮಾವನಿಗೂ ಏನಾದರೂ ಮಾತುಕತೆ ಇತ್ತೇ ಎಂದು ಕೇಳಿದೆ.

"ಏನಿಲ್ಲಪ್ಪ. ಕಾಲುಚೀಲ ಹೊಲಿಯುತ್ತಿದ್ದಳು. ಅವನು ನೀರು ಹೊತ್ತು ಕೊಡುತ್ತಿದ್ದ. ಅಷ್ಟೇ. ಆದರೆ ಎಲೆಯ ಕಥೆ ಒಂದಿದೆ, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು," ಎಂದು ಹೇಳುವ ಮೊದಲೇ ನಗತೊಡಗಿದರು.

ಚಳಿಗಾಲ ಕಳೆದು ದ್ರಾಕ್ಷಿಬಳ್ಳಿ ಚಿಗುರಿದ ಹೊತ್ತು. ಪಡೆ ಮುಂದಕ್ಕೆ ಹೊರಡುವ ಹಿಂದಿನ ದಿನ ಮಾವ ಮಿಂದು, ತಲೆ ಬಾಚಿ, ಅಸ್ಸುಂತಾಳ ಅಪ್ಪನ ಮುಂದೆ ಬಂದು ನಿಂತರಂತೆ. ಕೈಯಲ್ಲೊಂದು ತಟ್ಟೆ. ತಟ್ಟೆಯಲ್ಲಿ ಅವರದೇ ತೋಟದ ಐದು ದ್ರಾಕ್ಷಿ ಎಲೆ, ಮೇಲೊಂದು ಅಕ್ರೋಟು. ಮಾತಿಲ್ಲ, ತಗ್ಗಿಸಿದ ತಲೆ. "ಎಲೆಗೆ ರೋಗ ಬಂದಿದೆ ಅಂತ ತೋರಿಸ್ತಿದ್ದಾನೆ ಅಂದುಕೊಂಡ ನನ್ನ ಅಜ್ಜ! ಎಲೆಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಏನೂ ಆಗಿಲ್ಲ, ಚೆನ್ನಾಗಿದೆ ಅಂತ ತಲೆ ಆಡಿಸಿದ. ತಟ್ಟೆ ಇಸಿದುಕೊಂಡ. ಅಕ್ರೋಟು ಒಡೆದು ತಿಂದ. ಅಷ್ಟಕ್ಕೆ ಆ ಹುಡುಗ ಅಜ್ಜನ ಕಾಲಿಗೆ ಬಿದ್ದ. ಏನೋ ಬೀಳಿಸಿಕೊಂಡು ಹುಡುಕ್ತಿದ್ದಾನೆ ಅಂತ ಅಜ್ಜನೂ ಬಗ್ಗಿ ಹುಡುಕಿದ! ಆಮೇಲೆ ಒಂದು ಬಾಟಲಿ ವೈನ್ ಕೊಟ್ಟು ಕಳಿಸಿದ." ಮೇಜು ಬಡಿದು ನಕ್ಕರು. ಸಿಸ್ಟರ್ ಕೂಡ ನಕ್ಕರು.

ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಎಂತ ಆಯಿತು?" ಎಂದರು ಸಿಸ್ಟರ್.

"ಅದು ವೀಳ್ಯ ಸಿಸ್ಟರ್. ವೀಳ್ಯದೆಲೆ, ಅಡಿಕೆ. ಇಲ್ಲಿ ಸಿಗದ್ದಕ್ಕೆ ದ್ರಾಕ್ಷಿ ಎಲೆ, ಅಕ್ರೋಟು. ನಮ್ಮಲ್ಲಿ ಹೆಣ್ಣು ಕೇಳುವುದು ಹಾಗೆ. ಹೆಣ್ಣಿನ ಅಪ್ಪ ತೆಗೆದುಕೊಂಡರೆ ನಿಶ್ಚಯ ಆದ ಹಾಗೆ. ಇವರ ಅಜ್ಜ ತೆಗೆದುಕೊಂಡದ್ದು ಮಾತ್ರ ಅಲ್ಲ, ಅಡಿಕೆ ತಿಂದಿದ್ದಾರೆ."

ಸಿಸ್ಟರ್ ನಿಧಾನವಾಗಿ ಇಟೆಲಿಯ ಮಾತಿಗೆ ತಿರುಗಿಸಿದರು. ರೊಸಾನ್ನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಎಂಬತ್ತು ವರ್ಷ ಆ ಮನೆಯವರು ನಗುತ್ತ ಹೇಳಿಕೊಂಡು ಬಂದ ಕಥೆ. ಮಾವ ಒಪ್ಪಿಗೆ ಸಿಕ್ಕಿತೆಂದು ಸಂತೋಷದಲ್ಲಿ ಮುಂದಿನ ಹೊಳೆಗೆ ಹೋದವರು, ತಿಂಗಳೊಳಗೆ ಅಲ್ಲಿ ಸೇತುವೆಯ ಮೇಲೆ ತೀರಿಕೊಂಡರು.

"ಅಮ್ಮನಿಗೆ ಗೊತ್ತಿರಲಿಲ್ಲ," ಎಂದರು ರೊಸಾನ್ನಾ. ಆಮೇಲೆ, "ಗೊತ್ತಿತ್ತೋ ಏನೋ. ಅಜ್ಜ ಈ ಕಥೆ ಹೇಳುವಾಗ ಅಮ್ಮ ಎದ್ದು ಹೋಗುತ್ತಿದ್ದಳು" ಎಂದರು.

ಬಾಬಣ್ಣನ ಅನುಮಾನ ನಿಜವಾಗಿತ್ತು. ಮಾವ ಮಾತು ಕೊಟ್ಟಿದ್ದರು, ಮಾತು ಸಂದಿತ್ತು. ಇದನ್ನು ಅಮ್ಮನಿಗೆ ಹೇಳದೆ ಮುಚ್ಚಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದೂ ತಲೆಗೆ ಬಂತು. ಆದರೆ ಇನ್ನೊಬ್ಬರ ಕಾಗದದ ಒಕ್ಕಣೆ ತಿದ್ದುವ ಕೆಲಸ ನಾನು ಒಮ್ಮೆಯೂ ಮಾಡಿದವನಲ್ಲ. ವಿಡಿಯೋ ಕರೆ ಮಾಡಿದೆ. ಊರಿನಲ್ಲಿ ದೀಪ ಹಚ್ಚುವ ಹೊತ್ತು. ಮೊದಲು ಅಮ್ಮನ ಕಿವಿ ಕಂಡಿತು, ಆಮೇಲೆ ಹೆಂಚಿನ ಮಾಡಿನ ಪಕ್ಕಾಸು, ಕೊನೆಗೆ ಮುಖ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಮ್ಮ ಕೇಳಿದರು, "ಆ ಹುಡುಗಿಗೆ ಮತ್ತೆ ಮದುವೆ ಆಯಿತಾ?"

ಆಯಿತು ಎಂದೆ. ಬ್ರೆಡ್ ಸುಡುವವನ ಜೊತೆ. ಮೂರು ಮಕ್ಕಳು.

"ಗಂಡ ಒಳ್ಳೆಯವನಾ? ಕೇಳು."

ಸಿಸ್ಟರ್ ಕೇಳಿದರು. ದಿನಾ ಜಗಳ ಆಡುತ್ತಿದ್ದರು, ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣುತ್ತಿರಲಿಲ್ಲ ಎಂದು ರೊಸಾನ್ನಾ ಕಣ್ಣೊರಸಿಕೊಂಡು ನಕ್ಕರು.

"ಹಾಗಾದ್ರೆ ಒಳ್ಳೆಯವನೇ," ಎಂದರು ಅಮ್ಮ. "ವೀಳ್ಯ ತೆಗೆದುಕೊಂಡ ಮನೆಯವರು ಹಿಂದೆ ಕೊಟ್ಟರೆ ಮಾತು ಬಿಟ್ಟ ಹಾಗೆ. ಆ ಮನೆಗೆ ಈಗ ದೊಡ್ಡವಳು ಇವಳೇ ಅಲ್ವಾ? ಕೊಡ್ತಾಳಾ ಕೇಳು ಮಗಾ. ಬೇಜಾರಿಲ್ಲದೆ ಕೊಡುವುದಾದರೆ ಮಾತ್ರ."

ಸಿಸ್ಟರ್ ಪೂರ್ತಿ ಹೇಳಿ ಮುಗಿಸುವ ಮೊದಲೇ ರೊಸಾನ್ನಾ ಎದ್ದು ಹಿತ್ತಿಲಿಗೆ ಹೋದರು. ಬರುವಾಗ ಕೈಯಲ್ಲಿ ಐದು ದ್ರಾಕ್ಷಿ ಎಲೆ ಇತ್ತು. ಅದನ್ನು ತೊಳೆದು, ಸೆರಗಿನಂತೆ ಇಳಿಬಿದ್ದ ಅಡುಗೆಬಟ್ಟೆಯಿಂದ ಒಂದೊಂದಾಗಿ ಒರಸಿ ತಟ್ಟೆಯಲ್ಲಿಟ್ಟರು. ಡಬ್ಬಿಯಿಂದ ಒಂದು ಅಕ್ರೋಟು ತೆಗೆದು ಮೇಲಿಟ್ಟರು. ಅವರ ಮುಖದಲ್ಲಿ ಈಗ ನಗು ಇರಲಿಲ್ಲ. ನಾನು ಎದ್ದು ನಿಂತು ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡೆ.

ಟೊಮೆಟೊ ಬಾಟಲಿಗೆ ಒರಗಿಸಿಟ್ಟ ಫೋನಿನಿಂದ ಅಮ್ಮ ಎಲ್ಲವನ್ನೂ ನೋಡುತ್ತಿದ್ದರು.

"ಅವಳು ಕಾಯಲಿಲ್ಲ, ಒಳ್ಳೇದಾಯಿತು," ಎಂದರು. "ಅಣ್ಣ ಒಬ್ಬನೇ ಕಾದದ್ದು. ಸಾಕು. ನಾಳೆ ಬೆಳಿಗ್ಗೆ ಹೋಗಿ ಅವನನ್ನು ಕರಕೊಂಡು ಬಾ."